ಕಾಜಕ್ಕನ ಹೆಸರಲ್ಲಿ ಹೋದ ಪರೀಕ್ಷೆ

ಅಂಗಿಗೆ ಕಾಜಾ ಹೊಲಿಯುವ, ಅಂದರೆ ಗುಂಡಿ ತೂರಿಸುವ ತೂತು ಹೊಲಿಯುವ ಮಿಷನ್ ಮುಂದೆ ಅರ್ಧ ಆಯುಷ್ಯ ಕಳೆದವಳು ಕಾಜಕ್ಕ. ಹೆತ್ತವರಿಟ್ಟ ಹೆಸರು ಹಾಜರಿ ಕೂಗುವವನಿಗೂ ಮರೆತುಹೋಗಿತ್ತು. ಗಂಡ ಸತ್ತ ಮೇಲೆ ಮಗಳನ್ನು ದಡ ಸೇರಿಸಿದ್ದು ಆ ಮಿಷನ್ನೇ. ಬಾಯಿ ಜೋರು. ಸೂಪರ್‌ವೈಸರ್ ರೇಗಿದರೆ, "ಸಾರ್, ನಿಮ್ಮ ಹೊಟ್ಟೆ ಮೇಲಿನ ಗುಂಡಿ ಈಗ್ಲೋ ಆಗ್ಲೋ ಅಂತಿದೆ, ಮೊದ್ಲು ಅದನ್ನ ನೋಡ್ಕೊಳ್ಳಿ" ಅಂದು ಇಡೀ ಸಾಲನ್ನು ನಗಿಸುತ್ತಿದ್ದಳು.

ಪಕ್ಕದಲ್ಲಿ ಕಾಲರ್ ಹೊಲಿಯುವವಳು. ಅವಳ ಹೆಸರೂ ಕಾಲರ್ ಎಂದೇ ಆಗಿತ್ತು. ಆ ಸಾಲಿನಲ್ಲಿ ಒಬ್ಬಳ ಕೈ ಸೋತರೆ ಇನ್ನೊಬ್ಬಳು ಅವಳ ಪಾಲಿನದನ್ನೂ ಹೊಲಿದು ಅವಳ ಕಟ್ಟಿಗೇ ಸೇರಿಸುತ್ತಿದ್ದಳು. ಬೈಗುಳದಿಂದ ಪಾರಾಗಲು ಆ ಹೆಂಗಸರು ತಾವೇ ಮಾಡಿಕೊಂಡ ಕಾನೂನು. ನಮ್ಮ ಕಾರ್ಮಿಕ ಸಂಘ ಹುಟ್ಟುವುದಕ್ಕೂ ಮುಂಚಿನದು.

ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರಿನ ಹಿಂದೆ ಎಚ್‌ಪಿವಿ ಎನ್ನುವ ವೈರಸ್ ಇರುತ್ತದೆ. ಅದು ಮೈಯಲ್ಲಿದೆಯೇ ಎಂದು ಮೊದಲೇ ನೋಡಿಕೊಂಡರೆ, ರೋಗ ಬೇರು ಬಿಡುವ ಮುಂಚೆ ಹಿಡಿಯಬಹುದು. ಗೇಟಿನ ಮುಂದೆ ಬಿಸಿಲಲ್ಲಿ ಕೂತು, ಗಂಟಲು ಹರಿದುಕೊಂಡು ಆ ಪರೀಕ್ಷೆಯನ್ನು ಕಾರ್ಖಾನೆಯೊಳಕ್ಕೆ ತರಿಸಿದೆವು. ನರ್ಸಮ್ಮ ಬಂದಳು. ಒಬ್ಬೊಬ್ಬರಿಗೂ ಹೆಸರು ಅಂಟಿಸಿದ ಒಂದು ಕೊಳವೆ, ಒಂದು ಮೆತ್ತನೆಯ ಬ್ರಶ್. ಪಾಯಿಖಾನೆಗೆ ಹೋಗಿ, ತಾವೇ ಒಳಗೆ ತಿರುಗಿಸಿ, ಕೊಳವೆಗೆ ಹಾಕಿ ಬಾಗಿಲ ಬಳಿಯ ಡಬ್ಬಿಯಲ್ಲಿಡಬೇಕು.

ಅವತ್ತೇ ಲಾರಿ ತುಂಬಿಸುವ ಅವಸರ. ಕಾಜಕ್ಕನ ಮುಂದೆ ಅಂಗಿಗಳು ಬೆಟ್ಟದಂತೆ ಬಿದ್ದಿದ್ದವು.

"ಅಕ್ಕಾ, ನೀನು ಏಳ್ಬೇಡ. ನಿನ್ನ ಕೊಳವೆಗೂ ನಂದನ್ನೇ ಹಾಕ್ಬಿಡ್ತೀನಿ," ಅಂದಳು ಕಾಲರ್.

"ಹಾಕ್ಬಿಡೇ ತಾಯಿ. ನಿಂದೇನು, ನಂದೇನು, ಎಲ್ಲಾ ಒಂದೇ ಅಳತೆ!"

ಇಬ್ಬರೂ ನಕ್ಕರು. ವೈರಸ್ ಇಲ್ಲವೆಂದು ಇಬ್ಬರ ಹೆಸರಿಗೂ ಬಂತು.

ಮಾರನೆಯ ವರ್ಷ ಕಾಜಕ್ಕನಿಗೆ ಮುಟ್ಟಿಲ್ಲದಾಗಲೂ ರಕ್ತ ಹೋಗತೊಡಗಿತು. ಕಾರ್ಖಾನೆಯ ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. "ನಿಮ್ಮ ಪರೀಕ್ಷೆ ಚೆನ್ನಾಗೇ ಬಂದಿದೆಯಲ್ಲಮ್ಮಾ. ಮುಟ್ಟು ನಿಲ್ಲೋ ವಯಸ್ಸು, ಹೀಗೇ." ಕೊಟ್ಟದ್ದು ಕಬ್ಬಿಣದ ಮಾತ್ರೆ. ಪರೀಕ್ಷೆ ಏನೇ ಹೇಳಲಿ, ರಕ್ತ ಹೋಗುವ ಹೆಂಗಸನ್ನು ಮಲಗಿಸಿ ನೋಡಲೇಬೇಕು. ಆತ ನೋಡಲಿಲ್ಲ. ಆ ಪರೀಕ್ಷೆ ತನ್ನದಲ್ಲವೆಂದು ಕಾಜಕ್ಕನೂ ಬಾಯಿ ಬಿಡಲಿಲ್ಲ. ಬಿಟ್ಟರೆ ಕಾಲರಿನ ಕೆಲಸ ಹೋಗುತ್ತದೆಂಬ ದಿಗಿಲು. ಬಟ್ಟೆ ಚೂರುಗಳನ್ನು ಮಡಿಚಿ ಇಟ್ಟುಕೊಂಡು ತಿಂಗಳುಗಟ್ಟಲೆ ಹೊಲಿದಳು. ಸೊಂಟ ಸೀಳುವಂತಾದಾಗ ಮಿಷನ್ನಿಗೇ ತಲೆ ಆನಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಸ್ಟೂಲು ಒದ್ದೆಯಾಗಿ ರಕ್ತ ನೆಲಕ್ಕೆ ತೊಟ್ಟಿಕ್ಕಿತು. ಕಾಲರ್ ಅವಳನ್ನು ಹೊತ್ತುಕೊಂಡೇ ದೊಡ್ಡಾಸ್ಪತ್ರೆಗೆ ತಂದಳು. ಡಾಕ್ಟರಮ್ಮ ಹಳೆಯ ಪರೀಕ್ಷೆಯ ಮಾತೆತ್ತಿದ್ದೇ ತಡ, "ಅದು ಇವಳದ್ದಲ್ಲ ಮೇಡಂ, ನಂದು" ಅಂದುಬಿಟ್ಟಳು ಕಾಲರ್.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಲಗಿಸಿ ನೋಡಿದಳು, ಒಳಗಿನ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು, ಸ್ಕ್ಯಾನ್ ಮಾಡಿಸಿದಳು. ವರದಿಗಳು ಬಂದಾಗ ನೋಡಿದರೆ, ಕ್ಯಾನ್ಸರ್ ಗರ್ಭಕೋಶ ದಾಟಿ ಶ್ವಾಸಕೋಶಕ್ಕೂ ಹಬ್ಬಿತ್ತು. "ವಾಸಿ ಮಾಡೋಕಾಗಲ್ಲಮ್ಮ. ರಕ್ತ, ನೋವು ಕಮ್ಮಿ ಮಾಡ್ಬಹುದು."

ಹೊರಗಿನ ಬೆಂಚಿನ ಬಳಿ ಕಾಲರ್ ಕಾಜಕ್ಕನ ಕಾಲಿಗೆ ಬಿದ್ದಳು. "ನಾನೇ ಕೊಂದೆ ಅಕ್ಕಾ."

"ಎದ್ದೇಳೇ. ಇನ್ನೂ ಉಸಿರಾಡ್ತಿದೀನಿ, ಈಗ್ಲೇ ಹೆಣ ಮಾಡ್ಬೇಡ." ಆಮೇಲೆ ಕಾಜಕ್ಕ ಕೇಳಿದಳು: "ಅವತ್ತು ಇನ್ಯಾರ ಕೊಳವೆಗೆ ನಿಂದು ಹಾಕ್ದೆ?"

ಕಾಲರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಬಾಯ್ಬಿಡೇ!"

"ತೋಳು ಹೊಲಿಯೋಳದ್ದಕ್ಕೆ. ಇಸ್ತ್ರಿಯವಳದ್ದಕ್ಕೂ. ಎಲ್ರಿಗೂ ಕೆಲಸ ಬಿದ್ದಿತ್ತಲ್ಲಕ್ಕಾ..."

"ಅವರಿಗೆ ಹೇಳಿದೀಯಾ?"

"ಹೇಗಕ್ಕಾ ಹೇಳ್ಲಿ? ಚೆನ್ನಾಗಿದೆ ಅಂತ ಖುಷಿಯಾಗಿದಾರೆ. ಇಸ್ತ್ರಿಯವಳಿಗೆ ಸೊಂಟ ನೋವಂತೆ..."

ಕಾಜಕ್ಕ ಬೆಂಚು ಹಿಡಿದು ಏಳಲು ನೋಡಿದಳು. ಆಗಲಿಲ್ಲ. ಕಾಲರಿನ ರಟ್ಟೆಯನ್ನು ಉಗುರು ನಾಟುವಂತೆ ಹಿಡಿದು ಬಾಗಿಲ ಕಡೆ ನೂಕಿದಳು.

"ಕೆಲಸ ಹೋದ್ರೆ ಹೋಗ್ಲಿ, ಮುಂಡೇದೇ. ಶಿಫ್ಟ್ ಬಿಡೋದ್ರೊಳಗೆ ಅವರಿಬ್ರಿಗೂ ಹೇಳು, ಮತ್ತೆ ಪರೀಕ್ಷೆ ಮಾಡಿಸ್ಕೊಳ್ಲಿ. ಓಡು!"

ಕಾಲರ್ ಅಳುತ್ತಲೇ ಓಡಿದಳು. ಬೆಂಚಿನ ಮೇಲೆ ಕಾಜಕ್ಕನ ಸೀರೆ ಮತ್ತೆ ಒದ್ದೆಯಾಗುತ್ತಿತ್ತು. ನರ್ಸನ್ನು ಕೂಗಲು ಅವಳಲ್ಲಿ ದನಿ ಉಳಿದಿರಲಿಲ್ಲ.