ಎಡಗೈಗೆ ಬಂದ ಕೊಡತಿ

ಮಿಸ್ತ್ರಿಕಾಕಾರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಒಂದು ತುಂಡು ನೆಟ್ಟಗೆ, ಇನ್ನೊಂದು ತುಸು ಓರೆ, ಬಾಯಿ ತೆರೆದ ಹಕ್ಕಿಯ ಕೊಕ್ಕಿನ ಹಾಗೆ. ಆ ಸೀಳಿನಲ್ಲಿ ಸಾಗವಾನಿ ಮರದ ಕಂದು ಪುಡಿ ಯಾವಾಗಲೂ ಕೂತಿರುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹೊಸದಾಗಿ ಬಂದ ಹುಡುಗರ ಕಣ್ಣು ಮೊದಲು ಅದರ ಮೇಲೆಯೇ ಬೀಳುತ್ತಿತ್ತು. "ಕಾಕಾ, ಹೇ ಕಸಂ ಝಾಲಂ?" ಇದು ಹೇಗಾಯಿತು ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಅವರು ಒಬ್ಬನಿಗೆ ಕರಡಿ ಕಚ್ಚಿತು ಎನ್ನುತ್ತಿದ್ದರು, ಇನ್ನೊಬ್ಬನಿಗೆ ಹೆಂಡತಿ ಕಚ್ಚಿದಳು ಎನ್ನುತ್ತಿದ್ದರು. ನಿಜ ಏನೆಂದು ನಾನೊಮ್ಮೆ ಕೇಳಿದಾಗ ನಕ್ಕುಬಿಟ್ಟರು.

"ಈ ಹುಡುಗ್ರೆಲ್ಲ ತಮ್ ಹೆಸರು, ಊರು, ಅಪ್ಪನ ಹೆಸರು ಎಲ್ಲಾ ಸುಳ್ಳ ಹೇಳ್ಯಾರ್ರಿ ಬಾಯಾರ. ನಾ ಒಬ್ಬಾಂವ ಖರೆ ಹೇಳಿ ಏನ್ ಮಾಡ್ಲಿ?"

ಪುಣೆಯ ಹಡಪ್ಸರದಿಂದಾಚೆ, ಕಬ್ಬಿನ ಹೊಲಗಳು ಇನ್ನೂ ಉಳಿದಿದ್ದ ಕಡೆ, ಪೊಲೀಸರ ಕೈಗೆ ಸಿಕ್ಕ ಹುಡುಗರನ್ನು ಇಡುವ ಒಂದು ಬಾಲಗೃಹವಿತ್ತು. ತೊಂಬತ್ತರ ದಶಕದ ನಡುವೆ ನಾನಲ್ಲಿ ಓದು ಬರಹ ಕಲಿಸುವ ಕೆಲಸಕ್ಕೆ ಸೇರಿದೆ. ನಮ್ಮ ಮನೆ ನಿಗಡಿಯಲ್ಲಿ. ಬಸ್ಸು ಬದಲಿಸಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅರ್ಧ ಜೀವ ಹೋಗುತ್ತಿತ್ತು. ನನ್ನ ಕೋಣೆಗೆ ಅಂಟಿಕೊಂಡೇ ಒಂದು ತಗಡಿನ ಶೆಡ್ಡು. ಅಲ್ಲಿ ಮರದ ಕೆತ್ತನೆಯ ವರ್ಗ. ಕಲಿಸುವವರನ್ನು ಹುಡುಗರು ಮಿಸ್ತ್ರಿಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ; ಟೀಚರಮ್ಮನಾದ ನನ್ನನ್ನು ಅವರು ಬಾಯಾರ ಎನ್ನುತ್ತಿದ್ದರು. ಗುಲಬರ್ಗಾ ಕಡೆಯವರು. ಬಾಗಿಲು, ಪಲ್ಲಕ್ಕಿ ಕೆತ್ತುವ ಮನೆತನ. ಹರೆಯದಲ್ಲೇ ಪುಣೆಗೆ ಬಂದು, ಪೇಟೆಯೊಳಗಿನ ಒಂದು ಅಂಗಡಿಯಲ್ಲಿ ಮನೆಗಳಲ್ಲಿಡುವ ದೇವರ ಮಂಟಪ ಕೆತ್ತುತ್ತಿದ್ದರು. ಮುಂಜಾನೆ ಅಲ್ಲಿ, ಊಟದ ಮೇಲೆ ನಮ್ಮಲ್ಲಿ. ಗೋಡೆಯಾಚೆ ಅವರ ಹುಡುಗರ ಕೊಡತಿಗಳು ಉಳಿಯ ತಲೆಯ ಮೇಲೆ ಬೀಳುವ ಸದ್ದಿಗೆ ಈಚೆ ನನ್ನ ಹುಡುಗರು ಮಗ್ಗಿ ಹೇಳುತ್ತಿದ್ದರು.

ಮೊದಲ ಕೆಲವು ವಾರ ಅವರು ಕೆತ್ತಲು ಬಿಡುತ್ತಿರಲಿಲ್ಲ, ಬರೀ ಉಳಿ ಮಸೆಯಬೇಕು. ಆಮೇಲೆ ಎಲೆ. ಎಲೆ ಬಂದಮೇಲೆ ಬಳ್ಳಿ, ಬಳ್ಳಿ ಬಂದಮೇಲೆ ಹಕ್ಕಿ. ಒಬ್ಬ ಹುಡುಗ ತನಗೆ ಎಲೆ ಬೇಡ, ಪಿಸ್ತೂಲೇ ಬೇಕು ಎಂದು ಹಟ ಹಿಡಿದ. ಕಾಕಾ ಬೈಯಲಿಲ್ಲ, ಒಳ್ಳೆಯ ತುಂಡು ಆರಿಸಿ ಕೊಟ್ಟರು. ನಳಿಗೆ ಡೊಂಕಾಯಿತು ಎಂದು ಒಮ್ಮೆ, ಹಿಡಿಕೆ ದಪ್ಪವಾಯಿತು ಎಂದು ಒಮ್ಮೆ, ಮತ್ತೆ ಮತ್ತೆ ಮಾಡಿಸಿದರು. ಕೊನೆಗೆ ಅದು ಎಷ್ಟು ಚೆನ್ನಾಗಿ ಬಂತೆಂದರೆ ಬಾಲಗೃಹದ ಸಾಹೇಬರು ನೋಡಿ ಹೌಹಾರಿ, ಕಸಿದುಕೊಂಡು ಅಡುಗೆ ಮನೆಯ ಒಲೆಗೆ ಹಾಕಿಸಿದರು. ಸರಗಳ್ಳತನದಲ್ಲಿ ಸಿಕ್ಕಿಬಿದ್ದಾಗಲೂ ಅಳದಿದ್ದ ಹುಡುಗ ಅಂದು ಎಳೆಮಗುವಿನಂತೆ ಅತ್ತ. ಕಾಕಾ ಅಡುಗೆ ಮನೆಯ ಹೊಸ್ತಿಲಲ್ಲಿ ಅವನ ಪಕ್ಕ ಕೂತು, ಅವನು ಅತ್ತು ಮುಗಿಸುವ ತನಕ ಕಾದು, ತಮ್ಮ ಹರಕು ಮುರಕು ಮರಾಠಿಯಲ್ಲಿ ಹೇಳಿದರು: ಎಲೆ ಮಾಡಿದರೆ ಯಾರೂ ಒಲೆಗೆ ಹಾಕುವುದಿಲ್ಲ, ಬಾ. ಅವನು ಎದ್ದು ಹೋಗಿ ಎಲೆ ಕೆತ್ತಲು ಕೂತ.

ಆಗಾಗ ದೊಡ್ಡ ಮನೆಯ ಹೆಂಗಸರು ಹಣ್ಣು ಹಂಪಲು ಹಂಚಲು ಬರುತ್ತಿದ್ದರು. ಹಾಗೆ ಬಂದ ಒಬ್ಬರು ಶೆಡ್ಡಿನಲ್ಲಿ ನಿಂತು, "ನೀವು ಈ ಮಕ್ಕಳ ಬಾಳನ್ನೇ ಕೆತ್ತುತ್ತಿದ್ದೀರಿ" ಎಂದು ಮರಾಠಿಯಲ್ಲಿ ಹೊಗಳಿದರು. ಕಾಕಾ ಕೈಮುಗಿದರು. ಆಕೆ ಹೋದಮೇಲೆ ನನ್ನ ಕಡೆ ತಿರುಗಿ, "ನಾ ಕಟಗಿ ಕೆತ್ತತೀನ್ರಿ. ಹುಡುಗ್ರನ್ನ ಕೆತ್ತಿದ್ರ ರಕ್ತ ಬರ್ತದ" ಎಂದರು.

ಬಸ್ಯಾ ಎಂಬ ಹುಡುಗ ಬಂದದ್ದು ಹತ್ತಿರದ ಮಗರಪಟ್ಟಾದಲ್ಲಿ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಿ. ಅವನ ಅಪ್ಪ ಅವ್ವ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ದೊಡ್ಡ ಹುಡುಗರ ಜೊತೆ ಸೇರಿ ತಾಮ್ರದ ತಂತಿ ಕದಿಯುವಾಗ ಸಿಕ್ಕಿಬಿದ್ದಿದ್ದ. ಓಡಲು ಗೊತ್ತಿದ್ದವರು ಓಡಿದ್ದರು, ಇವನು ನಿಂತಿದ್ದ. ಮರಾಠಿ ಬರುತ್ತಿರಲಿಲ್ಲ. ಉಳಿದವರು ಇವನನ್ನು ಮೂಕ ಎಂದೇ ತಿಳಿದಿದ್ದರು. ಕಾಕಾ ಮೊದಲ ದಿನ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದರು.

"ಯಾವೂರಪಾ ನಿಂದು?"

ಅಷ್ಟೇ. ಬಾಯಿ ಕಟ್ಟಿದ್ದ ಹುಡುಗ ಒಂದೇ ಸಮನೆ ಮಾತಾಡತೊಡಗಿದ. ಅವ್ವನ ಬಗ್ಗೆ, ಊರಲ್ಲಿ ಬಿಟ್ಟುಬಂದ ಆಡಿನ ಬಗ್ಗೆ. ಅಂದು ಗೋಡೆಯಾಚೆ ಕೊಡತಿಯ ಸದ್ದು ಕೇಳಲೇ ಇಲ್ಲ.

ಅವನ ಕೈಯಲ್ಲಿ ಏನೋ ಇತ್ತು. ಎಲ್ಲರೂ ಕೆತ್ತುವ ಎಲೆಯನ್ನೇ ಅವನೂ ಕೆತ್ತಿದ, ಆದರೆ ಒಂದು ಅಂಚಿನಲ್ಲಿ ಹುಳ ತಿಂದ ತೂತು ಮಾಡಿದ್ದ. ಕಾಕಾ ಅದನ್ನು ಹಿಡಿದುಕೊಂಡು ನನ್ನ ಕೋಣೆಗೆ ಓಡಿಬಂದರು. "ನೋಡ್ರಿ ಬಾಯಾರ, ಹುಳ ತಿಂದದ್ದು ಕೆತ್ಯಾನ! ನಾ ಕಲಿಸಿಲ್ರಿ ಇದನ್ನ." ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮತ್ತೆಂದೂ ನೋಡಲಿಲ್ಲ.

ಹದಿನೆಂಟು ತುಂಬಿದೊಡನೆ ಹುಡುಗರನ್ನು ಹೊರಗೆ ಬಿಡುವುದು ಅಲ್ಲಿಯ ನಿಯಮ. ಎಲ್ಲಿಗೆ ಹೋಗುತ್ತೀ ಎಂದು ಯಾರೂ ಕೇಳುತ್ತಿರಲಿಲ್ಲ. ಬಸ್ಯಾನ ಸರದಿ ಬರುವಷ್ಟರಲ್ಲಿ ಅವನ ಅಪ್ಪ ಅವ್ವ ಕೆಲಸ ಹುಡುಕಿಕೊಂಡು ಎಲ್ಲಿಗೋ ಹೋಗಿದ್ದರು; ಕಾಕಾ ಅವನನ್ನು ತಮ್ಮ ಮನೆಗೇ ಕರೆದುಕೊಂಡು ಹೋದರು. ಮನೆಯೆಂದರೆ ಹತ್ತಾರು ಬಿಡಾರಗಳ ಹಳೆಯ ವಾಡೆಯೊಂದರ ಒಂದು ಕೋಣೆ, ಅಡುಗೆಗೊಂದು ಮೂಲೆ. ಅವರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದ ಹೆಣ್ಣುಮಗಳು, ಮೊದಮೊದಲು ನನ್ನ ಮುಂದೆ ದೂರಿದರು. "ಕೇಳಲಿಲ್ಲ, ಹೇಳಲಿಲ್ಲ, ಕರ್ಕೊಂಡು ಬಂದುಬಿಟ್ಟಾರ ನೋಡ್ರಿ. ರಾತ್ರಿ ನನಗ ನಿದ್ದಿ ಹತ್ತವಲ್ದು." ಮುಂದಿನ ಸಲ ನಾನು ಹೋದಾಗ ಕಾಕು ಎಲ್ಲರಿಗೂ ರೊಟ್ಟಿ ಬಡಿಸಿ, ಉಬ್ಬಿದ ಒಂದನ್ನು ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟರು. "ಅಂವಗ ಬಿಸೀದ ಬೇಕ್ರಿ" ಎಂದರು.

ಕಾಕಾ ಕೆಲಸ ಮಾಡುತ್ತಿದ್ದ ಅಂಗಡಿಯಲ್ಲೇ ಬಸ್ಯಾನಿಗೂ ಕೆಲಸವಾಯಿತು. ಅವನು ಕೆತ್ತಿದ ನವಿಲುಗಳ ಮಂಟಪವನ್ನು ಮಾಲೀಕರು ರಸ್ತೆಗೆ ಕಾಣುವಂತೆ ಮುಂದೆ ಇಟ್ಟಿದ್ದರು. ಅವನಿಗೆ ಮೀಸೆ ಬಂತು, ಮರಾಠಿ ಬಂತು. ಕಾಕು ಅವನಿಗೊಂದು ಹುಡುಗಿಯನ್ನು ನೋಡುವ ಮಾತಾಡತೊಡಗಿದ್ದರು.

ಆಗ ಒಂದು ಬಂಗಲೆಯಲ್ಲಿ ಕಳವಾಯಿತು. ಬಸ್ಯಾ ಅಲ್ಲಿ ಮಂಟಪ ಕೂರಿಸಲು ಹೋಗಿ ಬಂದಿದ್ದ. ಪೊಲೀಸರು ಅಂಗಡಿಗೆ ಬಂದು ಕೆಲಸದವರ ಹೆಸರು ಕೇಳಿದರು, ಯಾರು ಎಲ್ಲಿಂದ ಬಂದವರು ಎಂದು ಕೇಳಿದರು, ಬಸ್ಯಾನನ್ನು ಎಬ್ಬಿಸಿಕೊಂಡು ಹೋದರು. ಕಾಕಾ ಸೀದಾ ನನ್ನ ಹತ್ತಿರ ಬಂದರು. "ಬಾಯಾರ, ನೀವು ನನ್ನ ಜೋಡಿ ಬರ್ರಿ. ನಿಮಗಾದ್ರ ಅವರು ಕುರ್ಚಿ ಕೊಡ್ತಾರ."

ನನಗೆ ಕುರ್ಚಿ ಕೊಟ್ಟರು. ಕಾಕಾರಿಗೆ ಹೊರಗಿನ ಕಟ್ಟೆ. ಹುಡುಗ ಒಳಗಿದ್ದಾನೆ, ವಿಚಾರಣೆ ನಡೆದಿದೆ, ನಾಳೆ ಬನ್ನಿ ಎಂದರು. ನಾವು ಮರುದಿನವೂ ಹೋದೆವು, ಅದರ ಮರುದಿನವೂ. ಕಾಕಾ ಹೋಗಿಬರುವ ಪ್ರತಿಯೊಬ್ಬ ಪೊಲೀಸನಿಗೂ ಎದ್ದು ನಿಂತು ಒಂದೇ ಮಾತು ಹೇಳುತ್ತಿದ್ದರು: "ಸಾಹೇಬ, ತೋ ಮಾಝಾ ಮುಲಗಾ ಆಹೆ." ಅವನು ನನ್ನ ಮಗ. ಒಬ್ಬ ಸಿಪಾಯಿ, "ಹಾಗಾದರೆ ನಿನ್ನ ಹೆಸರೇಕಿಲ್ಲ ಅವನಿಗೆ?" ಎಂದು ಕೇಳಿ ನಕ್ಕ.

ಕೊನೆಗೆ ಕದ್ದವನು ಆ ಮನೆಯವರ ಸ್ವಂತ ಸೋದರಳಿಯ ಎಂದು ತಿಳಿಯಿತು. ಮನೆ ಮಾತು ಎಂದು ದೂರು ವಾಪಸು ತೆಗೆದುಕೊಂಡರು. ಬಸ್ಯಾನನ್ನು ಹಿಂದಿನ ಬಾಗಿಲಿನಿಂದ ಬಿಟ್ಟರು. ಅವನ ಬಲಗೈ ಬಾತು ಸೋರೆಕಾಯಿಯಂತಾಗಿತ್ತು. ಮೂರು ಬೆರಳಿನ ಮೂಳೆಗಳು ಮುರಿದಿದ್ದವು. ಡಾಕ್ಟರು ಪಟ್ಟಿ ಹಾಕಿದರು, ಆದರೆ ತಡವಾಗಿತ್ತು. ಮೂಳೆಗಳು ಸೊಟ್ಟಗೆ ಕೂಡಿಕೊಂಡವು. ಹೆಬ್ಬೆರಳು ತೋರುಬೆರಳು ಮಾತ್ರ ಹೇಳಿದಂತೆ ಕೇಳುತ್ತಿದ್ದವು. ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಕೊಡತಿ ಹಿಡಿದರೆ ಜಾರಿ ಬೀಳುತ್ತಿತ್ತು. ಅಂಗಡಿಯ ಮಾಲೀಕರು ಕೆಟ್ಟವರಲ್ಲ; ಆದರೂ ಗಿರಾಕಿಗಳು ಪೊಲೀಸರ ಸುದ್ದಿ ಕೇಳಿದ್ದಾರೆ, ಹುಡುಗ ಇನ್ನು ಬೇಡ ಎಂದು ನೆಲ ನೋಡುತ್ತ ಹೇಳಿದರು.

ಆಮೇಲೆ ಕಾಕಾ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಡಗೈಯಲ್ಲಿ ಕೊಡತಿ, ಬಲಗೈಯ ಎರಡು ಬೆರಳ ನಡುವೆ ಉಳಿ, ಹೀಗೂ ಕೆತ್ತಬಹುದು ಎಂದು ಅವರು ಬಸ್ಯಾನಿಗೆ ಹೇಳಿದರು. ಹೇಳಿದರೆ ಸಾಲದು, ತೋರಿಸಬೇಕಲ್ಲ. ಅವರಿಗೆ ತಾನೇ ಎಲ್ಲಿ ಬರುತ್ತಿತ್ತು? ಐವತ್ತು ದಾಟಿದ ಮನುಷ್ಯ, ಹುಟ್ಟಾ ಕಸುಬುದಾರ, ಸಂಜೆ ಹೊತ್ತು ಮನೆಯ ಮುಂದಿನ ಜಗುಲಿಯಲ್ಲಿ ಕೂತು ಎಡಗೈಯಲ್ಲಿ ಕೊಡತಿ ಹಿಡಿದು ಮೊದಲಿನಿಂದ ಕಲಿಯತೊಡಗಿದರು. ಒಳ್ಳೊಳ್ಳೆಯ ಸಾಗವಾನಿ ತುಂಡುಗಳು ಹಾಳಾದವು. ಅವರು ಕೆತ್ತಿದ ಎಲೆ ಇಲಿ ಕಡಿದಂತೆ ಬಂತು. ಅದನ್ನು ನೋಡಿ ಬಸ್ಯಾ, ಠಾಣೆಯಿಂದ ಬಂದಮೇಲೆ ಮೊದಲ ಸಲ, ನಕ್ಕ.

"ಕಾಕಾ, ನಿಮಗೂ ಬರವಲ್ದಲ್ರಿ!"

"ಬರ್ತದ ತಡಿ. ಇಬ್ರೂ ಕೂಡಿ ಕಲಿಯೂಣು."

ಕಾಕಾರಿಗೆ ನಿಧಾನವಾಗಿ ಬಂತು. ಬಸ್ಯಾನಿಗೆ ಬರಲಿಲ್ಲ. ಹಿಂದೆ ಆ ಕೈಯಿಂದ ಏನು ಬರುತ್ತಿತ್ತು ಎಂಬುದು ಅವನ ಕಣ್ಣ ಮುಂದೆಯೇ ಇತ್ತು. ಒಂದು ದಿನ ಕಾಕು ನೀರಿಗೆ ಹೋದಾಗ ಅವನು ಹೇಳದೆ ಹೊರಟುಹೋದ. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಲಾರಿ ತುಂಬುವ ಕೆಲಸಕ್ಕೆ ಸೇರಿದ್ದಾನೆಂದು ಆಮೇಲೆ ತಿಳಿಯಿತು. ಗಣಪತಿ ಹಬ್ಬಕ್ಕೆ ಒಮ್ಮೆ ಪೇಢೆ ತೆಗೆದುಕೊಂಡು ಬಂದಿದ್ದ. ಬಾಯಿಂದ ಸಾರಾಯಿ ವಾಸನೆ ಬರುತ್ತಿತ್ತಂತೆ. ಕಾಕು ಬೈದರಂತೆ, ಅವನು ತಲೆ ತಗ್ಗಿಸಿ ಬೈಸಿಕೊಂಡನಂತೆ.

ಮತ್ತೆ ಸುದ್ದಿ ಬಂದದ್ದು ಪೊಲೀಸರಿಂದ. ರಾಂಜಣಗಾಂವದ ಹೆದ್ದಾರಿಯಲ್ಲಿ ಯಾವುದೋ ಲಾರಿ ಬಸ್ಯಾನ ಮೇಲೆ ಹಾಯ್ದಿತ್ತು. ಕುಡಿದು ಅಡ್ಡ ಬಂದನೋ, ತಾನಾಗಿಯೇ ಎದುರಿಗೆ ನಿಂತನೋ, ಹೇಳುವವರಿಲ್ಲ. ಜೇಬಿನಲ್ಲಿ ಕಾಕಾರ ಅಂಗಡಿಯ ಫೋನ್ ನಂಬರು ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಹೆಣ ತೋರಿಸುವವನು, "ಮುಖ ನೋಡಬೇಡಿ ಅಜ್ಜಾ" ಎಂದ. ಕಾಕಾ, "ಕೈ ತೋರಿಸು" ಎಂದರು. ಆ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ಸೊಟ್ಟ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, "ಹೌದು, ನಮ್ಮಾಂವನ" ಎಂದರು.

ಹೆತ್ತವರಿಗೆ ತಿಳಿಸದೆ ಸುಡಬಾರದು ಎಂದು ಅವರು ಹಟ ಹಿಡಿದರು. ನನ್ನ ಗಂಡ ಮತ್ತು ಅವರು ಮಗರಪಟ್ಟಾಕ್ಕೆ ಹೋದರು. ಕಟ್ಟಡಗಳೆಲ್ಲ ಮುಗಿದಿದ್ದವು, ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು, ಕೂಲಿಯವರ ತಗಡಿನ ಗುಡಿಸಲುಗಳಿದ್ದಲ್ಲಿ ಹುಲ್ಲುಹಾಸು ಬೆಳೆಸಿದ್ದರು. ಅಲ್ಲಿಂದ ಬೇರೆ ಕಟ್ಟಡ, ಅಲ್ಲಿಂದ ಇನ್ನೊಂದು. ಗಾರೆ ಕಲಸುತ್ತಿದ್ದ ಕನ್ನಡದ ಹೆಂಗಸರನ್ನೆಲ್ಲ ಕಾಕಾ ನಿಲ್ಲಿಸಿ ಕೇಳಿದರು. "ಯಾದಗಿರಿ ಕಡಿಯವರು, ಬಸ್ಯಾ ಅಂತ ಮಗ ಇದ್ದ, ಗೊತ್ತದೇನವ್ವಾ?" ಬಸ್ಯಾ ಎಂಬ ಮಗ ಬಹಳ ಜನರಿಗಿದ್ದ. ಆ ಬಸ್ಯಾನ ಅವ್ವ ಸಿಗಲಿಲ್ಲ. ಕೊನೆಗೆ ಕಾಕಾ ತಾವೇ ಬೆಂಕಿ ಕೊಟ್ಟರು.

ಮರುದಿನ ಊಟದ ಮೇಲೆ ಎಂದಿನಂತೆ ಶೆಡ್ಡಿಗೆ ಬಂದರು. ಬರಲಾರರು ಎಂದುಕೊಂಡಿದ್ದೆ. ಹೊರಗೆ ಹೋದಮೇಲೆ ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಹುಡುಗರು ಕೇಳುವುದಿತ್ತು. ಮೊದಲೆಲ್ಲ ಅವರು "ಭರತಂ ರೇ!" ಎಂದು, ತುಂಬುತ್ತದೆ ಎಂದು ಬೆನ್ನು ತಟ್ಟುತ್ತಿದ್ದರು. ಆಮೇಲೆ ಆ ಮಾತು ಅವರ ಬಾಯಿಂದ ಬರಲಿಲ್ಲ. "ಗೊತ್ತಿಲ್ಲ" ಎನ್ನುತ್ತಿದ್ದರು. ಆದರೆ ಉಳಿ ಮಸೆಯುವುದನ್ನು ಅಷ್ಟೇ ಶ್ರದ್ಧೆಯಿಂದ ಹೇಳಿಕೊಡುತ್ತಿದ್ದರು. ಕೆಲವು ವರ್ಷಗಳ ಮೇಲೆ ಕೆತ್ತನೆಯ ವರ್ಗವೇ ನಿಂತು, ಆ ಜಾಗದಲ್ಲಿ ಕಂಪ್ಯೂಟರುಗಳು ಬಂದವು. ಅಲ್ಲಿಯವರೆಗೂ ಅವರು ಒಂದು ದಿನ ತಪ್ಪಿಸಲಿಲ್ಲ. ನಾನು ಇಂದಿಗೂ ಇಂಥ ಮಕ್ಕಳಿಗೇ ಕಲಿಸುತ್ತಿದ್ದೇನೆ. ಭರವಸೆ ಹೋದಮೇಲೂ ಕೆಲಸಕ್ಕೆ ಬರಬಹುದು ಎಂಬುದನ್ನು ಮಾತ್ರ ಅವರಿಂದ ಕಲಿತೆ. ಅದು ದೊಡ್ಡ ಸಮಾಧಾನವೇನಲ್ಲ.

ಮರದ ಪುಡಿ ಅವರ ಶ್ವಾಸಕೋಶವನ್ನು ತಿಂದಿತ್ತು. ಹಾಸಿಗೆ ಹಿಡಿದಮೇಲೆ ಒಮ್ಮೆ ನನ್ನನ್ನು ಕೇಳಿದರು. "ಬಾಯಾರ, ಇಷ್ಟು ವರ್ಷದಾಗ ನಮ್ ಹುಡುಗ್ರಾಗ ಒಬ್ಬರಾದ್ರೂ ಉಳದಾರೇನ್ರಿ?" ರಿಕ್ಷಾ ಓಡಿಸಿ ಸಂಸಾರ ನಡೆಸುತ್ತಿದ್ದ ಒಬ್ಬನ ಹೆಸರು ಹೇಳಿದೆ. ಅವರು ಬಹಳ ಹೊತ್ತು ಕೆಮ್ಮಿದರು. "ಅಂವ ಮೊದ್ಲಿಂದ ಛಲೋ ಹುಡುಗ ಇದ್ದ. ಅದರಾಗ ನಂದೇನದ?"

ಅವರು ತೀರಿಹೋದಾಗ ಹೆಗಲು ಕೊಟ್ಟವರು ಅಂಗಡಿಯ ಇಬ್ಬರು, ವಾಡೆಯ ಒಬ್ಬರು, ನನ್ನ ಗಂಡ. ಅವರ ಕೈಯಲ್ಲಿ ಕಲಿತ ಹುಡುಗರು ಯಾರೂ ಬರಲಿಲ್ಲ. ತಿಳಿಸೋಣವೆಂದರೆ ಯಾರು ಎಲ್ಲಿದ್ದಾರೆಂದು ನಮಗೆ ಗೊತ್ತಿರಲಿಲ್ಲ. ಗಂಡಸರು ಹೋದಮೇಲೆ ನಾನು ಕಾಕು ಪಕ್ಕದಲ್ಲಿ ಕೂತೆ. ಕೊನೆಗೆ ಬಹಳ ಸಂಕಟಪಟ್ಟರೇ ಎಂದು ಕೇಳಿದೆ.

"ಜ್ವರದಾಗ ಅವನ ಜೋಡಿನೇ ಮಾತಾಡ್ತಿದ್ರು. 'ಬಸ್ಯಾ, ಊಟ ಮಾಡಿದೇನೋ?' ಅಂತ ಮ್ಯಾಲಿಂದ ಮ್ಯಾಲೆ ಕೇಳ್ತಿದ್ರು. ಜವಾಬು ಸಿಗೂತನಕ ಬಿಡ್ತಿದ್ದಿಲ್ಲ" ಎಂದರು ಕಾಕು. ಸೆರಗಿನಿಂದ ಬಾಯಿ ಒರೆಸಿಕೊಂಡರು. "ಕಡೀಕ ನಾನೇ ಅಂವ ಆಗಿ, 'ಆತ್ರಿ ಕಾಕಾ, ಮಾಡೀನಿ' ಅಂತಿದ್ದೆ. ಆವಾಗ ಕಣ್ಣ ಮುಚ್ಚತಿದ್ರು."