ಕುಟುಂಬ ಅಂದರೆ ಯಾರದ್ದು?

೧೯೮೨ರಲ್ಲಿ ನಾನು ಮೂಡಬಿದಿರೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್. ಆ ವರ್ಷದ ಒಂದು ಮಧ್ಯಾಹ್ನ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ವೇಣೂರಿನ ವಸಂತನಿಗೆ ಆರು ವರ್ಷ, ಮಲೇರಿಯಾ. ಪ್ರೈಮಾಕ್ವಿನ್ ಮಾತ್ರೆ ಶುರುವಾದ ಮೂರನೆಯ ದಿನ ಮೂತ್ರ ಕರಿಕಾಫಿಯಂತಾಯಿತು, ಮುಖ ಬಿಳಿಚಿಕೊಂಡಿತು. ನನಗೆ ಜಿ-ಸಿಕ್ಸ್-ಪಿಡಿ ಕೊರತೆಯ ಸಂಶಯ. ಜೀನಿನ ಸಣ್ಣ ಬದಲಾವಣೆಯೊಂದರಿಂದ ರಕ್ತಕಣವನ್ನು ಕಾಯುವ ಈ ಕಿಣ್ವ ಕಡಿಮೆಯಾಗುತ್ತದೆ. ಅಂಥವರು ಆ ಮಾತ್ರೆ ತಿಂದರೆ ಕಣಗಳು ಒಡೆಯುತ್ತವೆ. ಡಿಎನ್‌ಎ ಓದುವ ಯಂತ್ರ ನಮಗೆಲ್ಲಿಯದು? ರಕ್ತಕ್ಕೆ ಸೋಡಿಯಂ ನೈಟ್ರೈಟ್, ಮೆಥಿಲೀನ್ ಬ್ಲೂ ಬೆರೆಸಿ ಬೆಚ್ಚಗಿಡುತ್ತಿದ್ದೆವು. ರಕ್ತ ಮೊದಲು ಕಂದು ಬಣ್ಣಕ್ಕೆ ಬರುತ್ತದೆ. ಮತ್ತೆ ಕೆಂಪಿಗೆ ತಿರುಗಿದರೆ ಸರಿ, ಕಂದಾಗಿಯೇ ಉಳಿದರೆ ಕೊರತೆ.

ವಸಂತನ ರಕ್ತ ಕೆಂಪಿಗೆ ತಿರುಗಿತು.

"ನಾರ್ಮಲ್ ಇದೆಯಲ್ಲ ಮೇಡಂ," ಎಂದರು ಮೈಸೂರು ಕಡೆಯಿಂದ ಬಂದಿದ್ದ ವಾರ್ಡ್ ಡಾಕ್ಟರು. "ಕುಟುಂಬದಲ್ಲಿ ಯಾರಿಗಾದ್ರೂ ಹೀಗಾಗಿತ್ತಾ ಅಂತ ತಂದೇನೂ ಕೇಳ್ದೆ. ಇಲ್ಲ ಅಂದ್ರು. ಸಂಜೆ ಮಾತ್ರೆ ಕೊಡೋಣ."

"ಎಂಥ ನಾರ್ಮಲ್ ಮಾರಾಯ್ರೆ! ಕೊರತೆಯ ಕಣಗಳೆಲ್ಲ ಒಡೆದು ಮೂತ್ರಕ್ಕೆ ಹೋಗಿವೆ. ಉಳಿದದ್ದು ಹೊಸ ಕಣ, ಅದರಲ್ಲಿ ಕಿಣ್ವ ಉಂಟು. ಕೊಳೆತ ಮೀನು ಎಸೆದ ಮೇಲೆ ಬುಟ್ಟಿ ಮೂಸಿದ ಹಾಗಾಯ್ತು ಇದು. ಇನ್ನೊಂದು ಮಾತ್ರೆ ಕೊಟ್ಟರೆ ಹುಡುಗ ಉಳಿಯುವುದಿಲ್ಲ!"

"ಬರೀ ಅನುಮಾನಕ್ಕೆ ಮದ್ದು ನಿಲ್ಲಿಸಕ್ಕಾಗಲ್ಲ."

ಸಿಟ್ಟು ನೆತ್ತಿಗೇರಿತು. ನೇರ ವಾರ್ಡಿಗೆ ನಡೆದೆ. ಮಂಚದ ಬಳಿ ತಂದೆ ಸೇಸಪ್ಪಣ್ಣ ಅದನ್ನೇ ಹೇಳಿದರು: "ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ ಡಾಕ್ಟ್ರೇ."

ಪಾಪ, ಸುಳ್ಳಲ್ಲ. ಅವರದ್ದು ಅಳಿಯಸಂತಾನದ ಕಟ್ಟು. ಗಂಡಸಿನ ಕುಟುಂಬವೆಂದರೆ ಅವನ ತಾಯಿಯದ್ದು. ಮಕ್ಕಳು ಹೆಂಡತಿಯ ಕುಟುಂಬಕ್ಕೆ ಸೇರಿದವರು. ಈ ಜೀನೂ ಗಂಡುಮಕ್ಕಳಿಗೆ ಬರುವುದು ತಾಯಿಯಿಂದಲೇ. ಕೇಳಬೇಕಾದವಳನ್ನು ಬಿಟ್ಟು ಊರೆಲ್ಲ ಕೇಳಿದ್ದರು!

ತಾಯಿ ಗಿರಿಜಕ್ಕ ಗೋಡೆಗೊರಗಿ ನಿಂತಿದ್ದಳು. ತುಳುವಿನಲ್ಲಿ ಕೇಳಿದೆ.

"ನನ್ನ ಅಣ್ಣನಿಗೆ ಆಗಿತ್ತು," ಎಂದಳು. "ಮಲೇರಿಯಾದ ಮಾತ್ರೆ ತಿಂದು ಹೀಗೆಯೇ ಕಪ್ಪು ಮೂತ್ರ. ಎಂಟು ವರ್ಷಕ್ಕೇ ತೀರಿಹೋದ."

"ಅಯ್ಯೋ ದೇವರೇ, ಮೊದಲೇ ಹೇಳಬಾರದಿತ್ತಾ?"

"ನನ್ನ ಹತ್ತಿರ ಯಾರು ಕೇಳಿದ್ದಾರೆ?"

ಹಿಂದೆ ನಿಂತಿದ್ದ ಡಾಕ್ಟರಿಗೆ ತುಳು ಬಾರದು. ಕನ್ನಡದಲ್ಲಿ ಒಂದೊಂದೇ ಮಾತು ಒತ್ತಿ ಹೇಳಿದೆ. ಮಾತ್ರೆ ನಿಂತಿತು, ರಕ್ತ ಕೊಟ್ಟೆವು, ಹುಡುಗ ಉಳಿದ. ಕೆಲವು ತಿಂಗಳ ನಂತರ ಅದೇ ಪರೀಕ್ಷೆ ಮತ್ತೆ ಮಾಡಿದಾಗ ಟ್ಯೂಬು ಕಂದಾಗಿಯೇ ಉಳಿಯಿತು.

"ಅಪರೂಪದ ಕೇಸ್," ಎಂದರು ಡಾಕ್ಟರು. ಅಪರೂಪವಂತೆ! ಒಂದೇ ಮನೆಯಲ್ಲಿ ಎರಡನೆಯ ಹುಡುಗ.

ನಿವೃತ್ತಳಾಗುವವರೆಗೂ ಇಂಥ ಮಗು ಬಂದಾಗ ನಾನು ಟ್ಯೂಬು ಮುಟ್ಟುವ ಮೊದಲು ತಾಯಿಯನ್ನು ಹತ್ತಿರ ಕರೆದು ಕೇಳುತ್ತಿದ್ದೆ: "ನಿಮ್ಮ ಅಣ್ಣತಮ್ಮಂದಿರು ಎಲ್ಲರೂ ಇದ್ದಾರಾ?"