ಸಾಹೇಬರ ಕುರ್ಚಿಗೆ ಹಾಕಿದ ಬಟ್ಟೆ

ಡ್ಯಾಮಿನಿಂದ ನೀರು ಬಿಟ್ಟು ಹೊಳೆ ನಮ್ಮ ಓಣಿಗೆ ನುಗ್ಗಿದ ವರ್ಷ ನಾನು ಒಂಬತ್ತನೇ ತರಗತಿ. ಗಂಗಾವತಿ ಕಡೆಯ ಒಂದು ಶಾಲೆಯಲ್ಲಿ ನಮ್ಮೂರಿನವರಿಗೆಲ್ಲ ಗಂಜಿ ಕೇಂದ್ರ ತೆರೆದರು. ಅವ್ವ, ಚಿಗವ್ವ, ನಾನು ಉಟ್ಟ ಬಟ್ಟೆಯಲ್ಲೇ ಹೋದೆವು. ಮರುದಿನವೇ ನಾನು ಹೊರಗಾದೆ.

ಅವ್ವ ತನ್ನ ಸೀರೆಯ ತುದಿ ಹರಿದುಕೊಟ್ಟಳು. ಯಾರೋ ದಾನಿಗಳು ಪ್ಯಾಡಿನ ಬಾಕ್ಸುಗಳನ್ನು ಕಳಿಸಿದ್ದಾರೆ ಎಂದು ಚಿಗವ್ವ ಸುದ್ದಿ ತಂದಳು. ಕೇಂದ್ರದ ಉಸ್ತುವಾರಿ ನೌಕರ ಅವನ್ನು ಕೋಣೆಯಲ್ಲಿಟ್ಟು ಕೀಲಿ ಹಾಕಿದ್ದ. ಕೇಳಿದಾಗ ಎರಡು ಕೊಟ್ಟ. ಮಾರನೆಯ ದಿನ ಮತ್ತೆ ಹೋದೆ. ಆಗ ಊಟಕ್ಕೆ ತಾಟು ಹಿಡಿದು ಗಂಡಸರೆಲ್ಲ ಸಾಲಿನಲ್ಲಿ ನಿಂತಿದ್ದರು.

"ನಿನ್ನೆ ಒಯ್ದಿಯಲ್ಲ, ಮತ್ತ ಯಾಕ ಬಂದಿ? ತಿಂತಿಯೇನು?" ಎಂದ.

ಸಾಲು ನಕ್ಕಿತು. ನನ್ನ ತರಗತಿಯ ಹುಡುಗರೂ ನಕ್ಕರು. ಆಮೇಲೆ ಯಾವ ಹೆಂಗಸೂ ಅವನ ಬಳಿ ಹೋಗಲಿಲ್ಲ. ಮಳೆ ಘಟ್ಟದ ಕಡೆ ಎಲ್ಲೋ ಸುರಿದಿತ್ತು. ನಮ್ಮಲ್ಲಿ ಅಂಗಳದ ತುಂಬ ಬಿಸಿಲು. ಆದರೆ ಅಂಗಳದ ತುಂಬ ಗಂಡಸರೂ ಇದ್ದರು. ಬಟ್ಟೆಯನ್ನು ಒಗೆದು ಬೆಂಚಿನ ಕೆಳಗೆ ಬಚ್ಚಿಟ್ಟು, ಹಸಿ ಇದ್ದಂತೆಯೇ ಮತ್ತೆ ಕಟ್ಟಿಕೊಳ್ಳುತ್ತಿದ್ದೆವು. ನಾಲ್ಕನೇ ದಿನಕ್ಕೆ ನನ್ನ ತೊಡೆ ಸುಲಿದು ಕೀವು ತುಂಬಿತು, ಜ್ವರ ಬಂತು. ಮಲಗಿದಲ್ಲೇ ಅವನಿಗೆ ಏನು ಮಾಡಲಿ ಎಂದು ಯೋಚಿಸುತ್ತಿದ್ದೆ.

ಆರನೇ ದಿನ ತಾಲ್ಲೂಕಿನ ದೊಡ್ಡ ಸಾಹೇಬರು ಬರುವವರಿದ್ದರು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಅಂಗಳದಲ್ಲಿ ಕುರ್ಚಿ ಹಾಕಿಸಿದ. ಜೀಪಿನ ಸದ್ದು ಕೇಳಿದ ಕೂಡಲೇ ನಾನು ಬೆಂಚಿನ ಕೆಳಗಿನ ಬಟ್ಟೆ ಎತ್ತಿಕೊಂಡು ಹೋಗಿ ಆ ಕುರ್ಚಿಗಳ ಮೇಲೆ ಹರವಿದೆ. ಕಲೆ ಪೂರ್ತಿ ಹೋಗಿರಲಿಲ್ಲ. ಚಿಗವ್ವ ತನ್ನದನ್ನೂ ತಂದಳು. ಹಿಂದೆಯೇ ಇನ್ನೂ ಆರೇಳು ಹೆಂಗಸರು ಬಂದರು. ಅವನು ಬೈಯುತ್ತ ಓಡಿ ಬಂದ, ಆದರೆ ಬಟ್ಟೆ ಮುಟ್ಟುವ ಧೈರ್ಯ ಅವನಿಗಿರಲಿಲ್ಲ.

ಸಾಹೇಬರು ಇದೇನೆಂದು ಕೇಳಿದರು. ನಾನೇ ಹೇಳಿದೆ. "ಪ್ಯಾಡ್ ಕೋಣ್ಯಾಗ ಅದಾವ್ರಿ. ಕೇಳಿದ್ರ, ತಿಂತಿಯೇನು ಅಂದ್ರು ನೋಡ್ರಿ ಇವ್ರು."

ಸಾಹೇಬರು ಕೋಣೆಯ ಕೀಲಿ ತೆಗೆಸಿದರು. ಆಮೇಲೆ ಬಾಕ್ಸುಗಳನ್ನು ಅವನ ಕೈಯಿಂದಲೇ ಹೊರಿಸಿ, ಎಲ್ಲರೆದುರು ಒಬ್ಬೊಬ್ಬರಿಗೂ ಅವನೇ ಕೊಡಬೇಕೆಂದರು. ಅವನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ನನ್ನ ಪಾಲು ಇಸಿದುಕೊಂಡು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ. ಎರಡನೆಯದು ನನಗೆ ಬೇಕಿರಲಿಲ್ಲ. ಅವನು ಇನ್ನೊಮ್ಮೆ ನನಗೆ ಕೈ ಚಾಚುವುದು ಬೇಕಿತ್ತು. ಚಾಚಿದ. ಅವನು ತಲೆ ತಗ್ಗಿಸುವವರೆಗೂ ನಾನು ಕದಲಲಿಲ್ಲ.

ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಊರ ಗಂಡಸರ ಮುಂದೆ ಇಂಥದ್ದನ್ನು ಹರವಿದವಳನ್ನು ಯಾರು ಮದುವೆಯಾಗುತ್ತಾರೆ ಎಂಬುದು ಅವಳ ಚಿಂತೆ. ಗಾಯ ಮಾಯಲು ತಿಂಗಳ ಮೇಲಾಯಿತು. ನೀರು ಇಳಿದ ಮೇಲೆ ಹುಲಿಗಿಯ ಗುಡಿಗೆ ಹೋದೆವು. ಬಿದ್ದ ಮನೆ ಎದ್ದರೆ ಸಾಕೆಂದು ಅವ್ವ ಬೇಡಿಕೊಂಡಳು. ನಾನು ಹುಲಿಗೆಮ್ಮನೆದುರು ಕೈಮುಗಿದು ಅವನ ನೌಕರಿ ಹೋಗಲೆಂದು ಬೇಡಿಕೊಂಡೆ. ಹೋಗಲಿಲ್ಲ, ಕುಷ್ಟಗಿಗೆ ವರ್ಗವಾಯಿತಷ್ಟೆ. ಆ ಶಿಕ್ಷೆ ಕಡಿಮೆಯಾಯಿತೆಂದು ಇವತ್ತಿಗೂ ನನಗನ್ನಿಸುತ್ತದೆ.